ಬಾಗಿಲಲ್ಲಿ ಕೇಳಿದ ಹೆಸರು

ಕಣಿವೆಯ ಮನೆ
೧೮೮೬ ಆಗಸ್ಟ್ ೨೨

ತಂಗಿಗೆ,

ಗಾಡಿ ಹಿಂತಿರುಗಿತು. ನೀನೂ ಪುಟ್ಟಿಯೂ ಬೆಟ್ಟ ದಾಟಿ ಸರೋವರದ ಊರು ಸೇರಿದಿರೆಂದು ಗಾಡಿಯವನು ಹೇಳಿದ ಮೇಲೆಯೇ ನಾನು ಊಟಕ್ಕೆ ಕೂತದ್ದು.

ನಿನ್ನ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನದನ್ನೂ ಬರೆಯುವುದಿಲ್ಲ. ನಮ್ಮಿಬ್ಬರ ಗಂಡನನ್ನು 'ಮನೆಯವರು' ಎಂದರೆ ಸಾಕು. ಅಲ್ಲಿ ನೀನು ಶ್ರೀಮತಿ ವುಡ್, ಗಂಡ ಗಣಿ ಕೆಲಸಕ್ಕೆ ಹೋಗಿದ್ದಾನೆ. ಯಾರೇ ಕೇಳಲಿ, ಮಗುವಾಗಲಿ ಮುದುಕರಾಗಲಿ, ಇಷ್ಟೇ. ಓದಿದ ಕಾಗದವನ್ನು ಒಲೆಗೆ ಹಾಕು.

ನೀನು ಹೋದ ಮರುದಿನವೇ ಸರ್ಕಾರದ ಪೊಲೀಸು ಮಾರ್ಶಲ್‌ನ ಆಳುಗಳು ಮನೆಯವರನ್ನು ಹುಡುಕಿಕೊಂಡು ಬಂದರು. ಹಳದಿ ಮೀಸೆಯವನೊಬ್ಬ ಕೋಣೆ ಕೋಣೆಗೂ ಹೋಗಿ ಹಾಸಿಗೆಗಳ ಮೇಲೆ ಅಂಗೈ ಇಟ್ಟು ನೋಡಿದ.

"ಈ ಮನೇಲಿ ಎಷ್ಟು ಹಾಸಿಗೆ ಬೆಚ್ಚಗಿವೆ, ದೊಡ್ಡಮ್ಮಾ?"

"ಒಂದೂ ಇಲ್ಲಪ್ಪ. ಬಾಗ್ಲು ಹಾರುಹೊಡೆದು ಗಾಳಿ ಬಿಟ್ಟಿದೀಯಲ್ಲ."

ಅವನು ನಕ್ಕ. ಮನೆಯವರು ಕ್ಷೇಮ. ಎಲ್ಲಿದ್ದಾರೆಂದು ಬರೆಯುವುದಿಲ್ಲ. ನಮ್ಮ ಧರ್ಮ ಒಪ್ಪಿದರೂ ಇಬ್ಬರು ಹೆಂಡಿರಿರುವುದು ಸರ್ಕಾರಕ್ಕೆ ಅಪರಾಧ. ಅವರನ್ನು ಹಿಡಿಯಲು ಬೇಕಾದ ಸಾಕ್ಷಿ ನಿನ್ನ ಹೊಟ್ಟೆಯಲ್ಲಿದೆ, ಅದನ್ನು ಯಾರ ಕಣ್ಣಿಗೂ ಬೀಳಿಸಬೇಡ.

ಹೆರಿಗೆಯ ಚಿಂತೆ ನಿನಗೆ ಬೇಡ. ಅಕ್ಟೋಬರ್ ಕೊನೆಯಲ್ಲಿ, ಹಿಮ ಬಿದ್ದು ದಾರಿ ಮುಚ್ಚುವ ಮೊದಲು, ನಾನೇ ಬರುತ್ತೇನೆ. ಪುಟ್ಟಿಯನ್ನು ಹಿಡಿದ ಕೈಯೇ ಈ ಕೂಸನ್ನೂ ಹಿಡಿಯುತ್ತದೆ. ನೋವು ಬರುವ ಮೊದಲು ನಮ್ಮ ಹೆಂಗಸರ ಪದ್ಧತಿಯಂತೆ ನಿನ್ನನ್ನು ತೊಳೆದು, ಹರಸಿದ ಎಣ್ಣೆ ಹಚ್ಚಿ, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಬೇಕಲ್ಲ. ಅದನ್ನು ಅಪರಿಚಿತರಿಗೆ ಬಿಡುವುದಿಲ್ಲ.

ಪುಟ್ಟಿಗೆ ಕೆಂಪು ಉಣ್ಣೆಯ ಕಾಲುಚೀಲ ಹೆಣೆದು ಕಳಿಸಿದ್ದೇನೆ.

ಅಕ್ಕ


ಸರೋವರದ ಕಡೆ
ಸೆಪ್ಟೆಂಬರ್ ೯

ಅಕ್ಕ,

ಕಾಲುಚೀಲ ಬಂತು. ಪುಟ್ಟಿ ಮಲಗುವಾಗಲೂ ಬಿಚ್ಚುವುದಿಲ್ಲ.

ಇಲ್ಲಿ ಡೆನ್ಮಾರ್ಕಿನಿಂದ ಬಂದ ಅಜ್ಜಿ, ಅಜ್ಜ ಇಬ್ಬರೇ. ನಮ್ಮ ಧರ್ಮದ ಜನವೇ, ಒಳ್ಳೆಯವರು. ಅಡುಗೆಮನೆಯ ಚಾಪೆಯ ಕೆಳಗೆ ಒಂದು ಮುಚ್ಚಳವಿದೆ. ಅದರ ಕೆಳಗೆ ಆಲೂಗಡ್ಡೆ ಹಾಕುವ ನೆಲಮಾಳಿಗೆ. ನಾಯಿ ಬೊಗಳಿದರೆ ನಾನೂ ಪುಟ್ಟಿಯೂ ಅಲ್ಲಿಗೆ ಇಳಿಯಬೇಕು, ಅಜ್ಜಿ ಮುಚ್ಚಳ ಹಾಕಿ ಅದರ ಮೇಲೆ ಕುರ್ಚಿ ಎಳೆದುಕೊಂಡು ಕೂರಬೇಕು ಎಂದು ಏರ್ಪಾಡು. ಈ ನಾಯಿ ಮೋಡ ಕಂಡರೂ ಬೊಗಳುತ್ತದೆ.

ದಿನವೂ ಪುಟ್ಟಿಗೆ ಪಾಠ ಹೇಳುತ್ತೇನೆ.

"ನಿಮ್ಮಪ್ಪ ಯಾರು?"

"ಗೊತ್ತಿಲ್ಲ."

"ನಿನ್ನ ಹೆಸರೇನು?"

"ಮರೆತ್ಹೋಯ್ತು."

ಮೊನ್ನೆ ತಲೆ ಬಾಚುವಾಗ ತಾನೇ ಕೇಳಿದಳು: "ಅಮ್ಮಾ, ನಂಗೆ ನಿಜ್ವಾಗ್ಲೂ ಅಪ್ಪ ಇದಾರಾ?" ಬಾಚಣಿಗೆ ಕೈಯಿಂದ ಜಾರಿತು. ಅಷ್ಟು ಚೆನ್ನಾಗಿ ಕಲಿತಿದ್ದಾಳೆ.

ನಾನು ಚೆನ್ನಾಗಿದ್ದೇನೆ. ಕಾಲು ಸ್ವಲ್ಪ ಊದುತ್ತದೆ. ಪಕ್ಕೆಯ ಕೆಳಗೆ ಟರ್ನಿಪ್ ಗಡ್ಡೆಯಂತೆ ದುಂಡಗೆ, ಗಟ್ಟಿಯಾಗಿ ಏನೋ ಒತ್ತುತ್ತಿರುತ್ತದೆ. "ಅದು ಕೂಸಿನ ಕುಂಡೆ ಕಣೇ ಹುಡುಗೀ! ಒಳ್ಳೇ ಬಿಷಪ್ ಕುಂಡೆ!" ಎಂದು ಅಜ್ಜಿ ನಗುತ್ತಾಳೆ. ನಾನೂ ನಗುತ್ತೇನೆ. ನೀವು ಬರುತ್ತೀರಿ ಎಂಬ ಒಂದೇ ಧೈರ್ಯದಿಂದ ನಗುತ್ತೇನೆ.

ನಿಮ್ಮ ತಂಗಿ


ಕಣಿವೆಯ ಮನೆ
ಸೆಪ್ಟೆಂಬರ್ ೨೭

ತಂಗಿಗೆ,

ಕಾಗದ ತಲುಪಿತು. ಇಲ್ಲಿ ಎಲ್ಲ ಸರಿಯಾಗಿದೆ. ಹೆಂಗಸರೆಲ್ಲ ಸೇರಿ ಕೊಯ್ದ ಹೊಲಗಳಲ್ಲಿ ಉಳಿದ ಗೋಧಿ ಆರಿಸಿ ಕಣಜಕ್ಕೆ ತುಂಬಿದೆವು. ಕಷ್ಟಕಾಲಕ್ಕೆ ಇರಲಿ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಕಷ್ಟಕಾಲ ಇದಲ್ಲವೆ, ಇನ್ನೂ ಬೇರೆ ಬರಬೇಕೆ ಎಂದು ಯಾರೂ ಕೇಳಲಿಲ್ಲ.

ಬೆಳಿಗ್ಗೆ, ಸಂಜೆ ಸೊಂಟದ ಕೆಳಗೆ ಎತ್ತರವಾಗಿ ದಿಂಬು ಇಟ್ಟು, ತಲೆ ತಗ್ಗಿಸಿ ಸ್ವಲ್ಪ ಹೊತ್ತು ಮಲಗು. ಬೆನ್ನಿಗೆ ಒಳ್ಳೆಯದು. ತಪ್ಪಿಸಬೇಡ. ಆ ಗಡ್ಡೆಯಂಥದ್ದು ಜಾಗ ಬದಲಿಸಿತೋ ಇಲ್ಲವೋ ಬರೆ.

ನಾನು ಬರಲು ಆಗುವುದಿಲ್ಲ. ಇಲ್ಲಿ ಕೆಲಸ ಹೆಚ್ಚಾಗಿದೆ. ಅಲ್ಲಿ ಒಳ್ಳೆಯ ಸೂಲಗಿತ್ತಿ ಇದ್ದರೆ ಅಜ್ಜಿಗೆ ಹೇಳಿ ಈಗಲೇ ಗೊತ್ತುಮಾಡಿಸು.

ಅಕ್ಕ


ಸರೋವರದ ಕಡೆ
ಅಕ್ಟೋಬರ್ ೮

ಅಕ್ಕ,

ಕೆಲಸ ಹೆಚ್ಚಾಗಿದೆ ಎಂದು ಬರೆದಿದ್ದೀರಿ. ಮೂರು ಸಲ ಓದಿದೆ. ಆಮೇಲೆ ಒಲೆಗೆ ಹಾಕಿದೆ, ನೀವೇ ಹೇಳಿದ ಹಾಗೆ.

ಇಡೀ ಕಣಿವೆಯ ಹೆಂಗಸರು ಕರೆದರೆ ಗಾಡಿ ಕಟ್ಟುವವರು ನೀವು. ನಮ್ಮ ದೇವರನ್ನು ಕಂಡರೆ ಉಗುಳುವ ಆ ಸಾರಾಯಿ ಅಂಗಡಿಯವನ ಹೆಂಡತಿಯ ಹೆರಿಗೆಗೂ ಹೋಗಿದ್ದಿರಿ. ನನಗೆ ಮಾತ್ರ ಕೆಲಸ ಹೆಚ್ಚಾಯಿತು.

ಹೇಳಬಾರದ ಮಾತು, ಆದರೂ ಹೇಳುತ್ತೇನೆ. ಮದುವೆಯ ದಿನ ದೇವಾಲಯದ ಪೀಠದ ಮುಂದೆ ನನ್ನ ಬಲಗೈ ಹಿಡಿದು ಮನೆಯವರ ಬಲಗೈಯಲ್ಲಿ ಇಟ್ಟವರು ನೀವು. ಮೊದಲ ಹೆಂಡತಿ ತಾನಾಗಿ ಇಡದಿದ್ದರೆ ಎರಡನೆಯವಳಿಗೆ ಮದುವೆಯಿಲ್ಲ. ಅಂದು ನಿಮ್ಮ ಕೈ ಮಂಜಿನಂತೆ ತಣ್ಣಗಿತ್ತು. ಚಳಿಗೆ ಎಂದುಕೊಂಡೆ. ಈಗ ಆಲೂಗಡ್ಡೆಯ ಕತ್ತಲೆಯಲ್ಲಿ ಕೂತಾಗ ಆ ತಣ್ಣನೆ ಕೈ ನೆನಪಾಗುತ್ತದೆ. ನಿಮ್ಮ ಮೂವರು ಮಕ್ಕಳು ಗುಡ್ಡದ ಮೇಲಿನ ಮಣ್ಣಲ್ಲಿದ್ದಾರೆ, ನನ್ನದೊಂದು ಓಡಾಡುತ್ತಿದೆ, ಇನ್ನೊಂದು ಬರುತ್ತಿದೆ. ಅದಕ್ಕೇನಾ?

ಇಲ್ಲಿನ ಸೂಲಗಿತ್ತಿಯನ್ನು ಕರೆಯುವ ಹಾಗಿಲ್ಲ. ಅವಳ ಬಾಯಿಗೆ ಬೀಗವಿಲ್ಲವಂತೆ. ಗಡ್ಡೆ ಜಾಗ ಬದಲಿಸಿಲ್ಲ. ನನಗೆ ಹೆದರಿಕೆಯಾಗುತ್ತಿದೆ ಅಕ್ಕ, ಎಷ್ಟು ಎಂದು ಬರೆಯಲು ಬರುವುದಿಲ್ಲ.

ತಂಗಿ


ಸರೋವರದ ಕಡೆ
ಅಕ್ಟೋಬರ್ ೧೭

ಅಕ್ಕ,

ಹಿಂದಿನ ಕಾಗದಕ್ಕೆ ಉತ್ತರ ಬಂದಿಲ್ಲ. ಕೋಪ ಬಂದಿರಬೇಕು. ಬರಲಿ. ಆದರೆ ಇದನ್ನು ತಿಳಿಸಲೇಬೇಕು.

ನಿನ್ನೆ ಸೂಜಿ, ದಾರ ಮಾರುವವನೊಬ್ಬ ಬಂದ. ಅಜ್ಜಿ ಗುಂಡಿ ಆರಿಸುತ್ತಿದ್ದಳು. ಅವನು ಸುತ್ತ ನೋಡುತ್ತ ಕೇಳಿದನಂತೆ:

"ಅಜ್ಜೀ, ಈ ಕಡೆ ಶ್ರೀಮತಿ ವುಡ್ ಅಂತ ಯಾರಾದ್ರೂ ಇದಾರಾ? ಬಸುರಿ ಹೆಂಗ್ಸು. ಒಂದು ಪುಟ್ಟ ಹುಡುಗಿ ಜೊತೆ."

"ಗುಂಡಿ ಮಾರೋಕೆ ಬಂದ್ಯೋ, ಹೆಂಗಸ್ರ ಲೆಕ್ಕ ಹಾಕೋಕೆ ಬಂದ್ಯೋ?"

ಅವನ ಬೂಟು ಹೊಸದಾಗಿತ್ತು, ಮಾರುವವರ ಬೂಟಲ್ಲ ಎಂದಳು ಅಜ್ಜಿ. ಆ ಹೆಸರು ಹೇಗೋ ಹೊರಬಿದ್ದಿದೆ. ಇವತ್ತಿನಿಂದ ನಾನು ಶ್ರೀಮತಿ ಹಿಲ್. ವುಡ್ ಎಂದು ಕೇಳಿಕೊಂಡು ಯಾರು ಬಂದರೂ ಅವರು ಮಾರ್ಶಲ್ ಕಡೆಯವರೆಂದೇ ತಿಳಿಯಬೇಕು ಎಂದು ಮೂವರೂ ಮಾತಾಡಿಕೊಂಡಿದ್ದೇವೆ.

ದಿನ ತುಂಬುತ್ತಿದೆ.

ತಂಗಿ


ಕಣಿವೆಯ ಮನೆ
ನವೆಂಬರ್ ೩

ತಂಗಿಗೆ,

ನಾನು ಬಂದಿದ್ದೆ.

ಅದನ್ನು ಮೊದಲು ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಸಾಲದೆ ಹೋದೀತು. ಆಗಸ್ಟ್‌ನಿಂದ ಆ ಹಳದಿ ಮೀಸೆಯವನು ನನ್ನ ಬೆನ್ನು ಬಿಟ್ಟಿಲ್ಲ. ಸೂಲಗಿತ್ತಿ ಹೋದಲ್ಲಿ ತೊಟ್ಟಿಲು, ತೊಟ್ಟಿಲಿದ್ದಲ್ಲಿ ಅಪ್ಪ ಎಂದು ಅವರ ಲೆಕ್ಕ. ಗಾಡಿ ಕಟ್ಟಿದರೆ ಸಾಕು, ಬೇಲಿಯಾಚೆ ಕುದುರೆ ಏರುತ್ತಾನೆ. "ಇವತ್ತು ಯಾರ ಮನೇಲಿ ಕೂಸು, ದೊಡ್ಡಮ್ಮಾ?" ಎನ್ನುತ್ತಾನೆ. ನಿನ್ನನ್ನು ಹೆದರಿಸಬಾರದೆಂದು ಬರೆಯಲಿಲ್ಲ. ಕೆಲಸ ಎಂದು ಸುಳ್ಳು ಬರೆದೆ. ಟರ್ನಿಪ್ ಎಂದು ನೀನು ಬರೆದಿದ್ದನ್ನು ಓದಿದಾಗಲೇ ನನಗೆ ತಿಳಿದುಹೋಯಿತು. ಅದು ಕುಂಡೆಯಲ್ಲ, ತಲೆ. ಕೂಸು ಕಾಲು ಕೆಳಗೆ ಮಾಡಿ ಕೂತಿದೆ. ದಿಂಬಿಟ್ಟು ಮಲಗು ಎಂದದ್ದು ಅದು ತಿರುಗಲೆಂದು, ಬೆನ್ನಿಗಲ್ಲ. ಅಂಥವನ್ನು ಹಿಡಿಯುವ ಬಗೆ ಇದೆ, ಆದರೆ ಅದು ಕೈಗೆ ಗೊತ್ತಿರುವುದು, ಕಾಗದದಲ್ಲಿ ಬರುವುದಿಲ್ಲ.

ನಿನ್ನ ಕೋಪದ ಕಾಗದ ಓದಿದ ಮೇಲೆ ಕೂರಲಾಗಲಿಲ್ಲ. ಪಕ್ಕದ ಮನೆಯವಳು ನನ್ನ ಟೋಪಿ ಹಾಕಿಕೊಂಡು, ನನ್ನ ಚೀಲ ತೊಡೆಯ ಮೇಲಿಟ್ಟುಕೊಂಡು, ನನ್ನ ಗಾಡಿಯಲ್ಲಿ ದಕ್ಷಿಣಕ್ಕೆ ಹೊರಟಳು. ಮೀಸೆಯವನು ಅವಳ ಹಿಂದೆ ಊರೂರು ಅಲೆದ. ಕೊನೆಗೆ ಗಾಡಿ ನಿಲ್ಲಿಸಿ ಮುಖ ನೋಡಿ ಬೈದನಂತೆ. "ನಮ್ಮಕ್ಕನ ಮನೇಗೆ ಉಪ್ಪಿನಕಾಯಿ ಕೊಡೋಕೆ ಹೋಗ್ತಿದೀನಪ್ಪ, ನಿಂಗೂ ಒಂದ್ ಚೂರು ಬೇಕಾ?" ಅಂದಳಂತೆ ಇವಳು.

ನಾನು ಗೋಧಿ ಗಾಡಿಯಲ್ಲಿ ಮೂಟೆಗಳ ನಡುವೆ ಬೆಟ್ಟ ದಾಟಿದೆ. ಇಪ್ಪತ್ತೆಂಟನೆಯ ತಾರೀಕು, ಹೊತ್ತೇರಿದ ಮೇಲೆ, ಬಾಗಿಲು ಬಡಿದೆ. ಒಬ್ಬ ಮುದುಕಿ ತೆಗೆದಳು.

"ಶ್ರೀಮತಿ ವುಡ್ ಇದಾರಾ?"

"ವುಡ್ಡೂ ಇಲ್ಲ, ಗಿಡ್ಡೂ ಇಲ್ಲ. ಈ ಮನೇಲಿರೋದು ನಾನು, ನನ್ನ ಗಂಡ, ಎರಡು ಹಂದಿ."

"ಒಂದ್ಸಲ ಒಳಗೆ ಹೇಳಿ ನೋಡೀಮ್ಮಾ. ಊರ ಕಡೆಯಿಂದ ಬಂದಿದಾರೆ ಅಂತ."

"ಯಾರಿಗೆ ಹೇಳ್ಲಿ? ಹಂದಿಗಾ?"

ಹಗ್ಗದ ಮೇಲೆ ಕೆಂಪು ಕಾಲುಚೀಲ ಒಣಗುತ್ತಿತ್ತು. ನಾನು ಹೆಣೆದದ್ದು. ನೀನು ಒಳಗಿದ್ದೀಯ ಎಂದು ತಿಳಿಯಿತು. ನನ್ನ ಹೆಸರು ಕೂಗಬೇಕೆಂದು ಬಾಯಿ ತೆರೆದೆ. ಆಗಲೇ ಸರೋವರದ ಕಡೆಯಿಂದ ಇಬ್ಬರು ಕುದುರೆಯ ಮೇಲೆ ಬರುತ್ತಿದ್ದರು. ಯಾರೋ ಏನೋ. ಬಾಯಿ ಮುಚ್ಚಿದೆ. ಬೆಟ್ಟದ ತಲೆಯ ಮೇಲೆ ಹಿಮದ ಮೋಡ ಕೂತಿತ್ತು, ಗಾಡಿಯವನು ನಿಲ್ಲಲು ಒಪ್ಪಲಿಲ್ಲ. ಆ ರಾತ್ರಿಯೇ ದಾರಿ ಮುಚ್ಚಿತು.

ನೀನು ನನ್ನನ್ನು ಬೇಡವೆಂದೆ. ನಿನ್ನ ಕಾಗದ ಓದಿದ ಮೇಲೆ ಅದರಲ್ಲಿ ಆಶ್ಚರ್ಯವೂ ಇಲ್ಲ. ಅಂದು ನನ್ನ ಕೈ ತಣ್ಣಗಿತ್ತು, ನಿಜ. ಹೆದರಿದ್ದೆ. ಗಂಡನನ್ನು ಹಂಚಿಕೊಳ್ಳುವವಳು ಹೆದರದೆ ಇರುತ್ತಾಳೆಯೆ? ಆದರೆ ಇಟ್ಟ ಕೈಯನ್ನು ನಾನು ಹಿಂದಕ್ಕೆ ಎಳೆದುಕೊಂಡಿಲ್ಲ, ಅಂದೂ, ಇಂದೂ.

ಬದುಕಿದ್ದೀಯೋ ಇಲ್ಲವೋ, ಅಷ್ಟನ್ನಾದರೂ ಯಾರಿಂದಲಾದರೂ ಬರೆಸು.

ಅಕ್ಕ


ಸರೋವರದ ಕಡೆ
ನವೆಂಬರ್ ೨೦

ಅಕ್ಕ,

ಹೆರಿಗೆಯಾಯಿತು. ಗಂಡು. ನಾನು ಎದ್ದು ಓಡಾಡುತ್ತಿದ್ದೇನೆ. ಮನೆಯವರಿಗೆ ಹೇಳಿ.

ದಾರಿ ಮುಚ್ಚಿದೆ. ಕಾಲಿಗೆ ಹಿಮದ ಹಲಗೆ ಕಟ್ಟಿಕೊಂಡು ಅಂಚೆ ಹೊರುವವನು ಯಾವಾಗ ಹೊರಡುತ್ತಾನೋ, ಆಗ ಇದು ನಿಮಗೆ.

ತಂಗಿ


ಕಣಿವೆಯ ಮನೆ
ಡಿಸೆಂಬರ್ ೧೯

ನನ್ನ ತಂಗಿಗೆ,

ಅಕ್ಟೋಬರ್ ಹದಿನೇಳರ ನಿನ್ನ ಕಾಗದ ಮೊನ್ನೆ ಬಂತು. ತಂದವನನ್ನು ದಾರಿಯಲ್ಲಿ ತಡೆದಿದ್ದರಂತೆ, ಕಾಗದ ಅವನ ಬೂಟಿನೊಳಗೆ ಊರೂರು ಸುತ್ತಿದೆ. ಅದರ ಹಿಂದೆಯೇ ನವೆಂಬರಿನದು ಬಂತು.

ವುಡ್ ಎಂದು ಕೇಳಿದ್ದಕ್ಕೆ ನನ್ನನ್ನು ಕಳಿಸಿದರು! ನೀನು ಹೆಸರು ಬದಲಿಸಿದ್ದೆ, ನನಗೆ ಗೊತ್ತಿರಲಿಲ್ಲ. ಇಷ್ಟೇ ಇದ್ದದ್ದು. ಕಣಜದ ಹಿಂದೆ ನಿಂತು ಅತ್ತುಬಿಟ್ಟೆ, ಆಮೇಲೆ ನಕ್ಕೆ. ಎರಡು ತಿಂಗಳು ಎದೆಯ ಮೇಲೆ ಕಲ್ಲಿಟ್ಟುಕೊಂಡಿದ್ದೆ.

ಗಂಡು ಮಗು! ಕಾಲು ಕೆಳಗಾಗಿದ್ದ ಕೂಸನ್ನು ಆ ಅಜ್ಜಿ ಹೇಗೆ ಹಿಡಿದಳೋ, ಅವಳ ಕೈಗೆ ಮುತ್ತಿಡಬೇಕು. ಮನೆಯವರಿಗೆ ಹೇಳಿದೆ. ಅಡಗಿದ್ದಲ್ಲಿಂದ ಎದ್ದು ನಿಂತು, ಟೋಪಿ ತೆಗೆದು, ಮತ್ತೆ ಹಾಕಿಕೊಂಡರು.

ಹೆಸರಿಟ್ಟು ಹರಸುವ ಶಾಸ್ತ್ರವನ್ನು ಅಪ್ಪನೇ ಮಾಡಬೇಕಿತ್ತು. ಯಾರು ಮಾಡಿದರು? ಏನೆಂದು ಇಟ್ಟಿರಿ? ಬಿಳಿ ಉಣ್ಣೆಯ ಟೋಪಿ ಕಳಿಸಿದ್ದೇನೆ. ತಲೆಗೆ ಸಣ್ಣದಾದರೆ ಬರೆ, ಬಿಚ್ಚಿ ಹೆಣೆಯುತ್ತೇನೆ.

ನಿನ್ನ ಅಕ್ಕ


ಸರೋವರದ ಕಡೆ
೧೮೮೭ ಫೆಬ್ರವರಿ ೬

ಅಕ್ಕ,

ನಿಮ್ಮ ಎರಡೂ ಕಾಗದಗಳನ್ನು ಅಂಚೆಯವನು ಒಂದೇ ದಿನ ತಂದ. ಟೋಪಿಯನ್ನೂ ತಂದ.

ಅಂದು ನಾಯಿ ಬೊಗಳಿತು. ನಾವು ಕೆಳಗಿಳಿದೆವು. ನಾನು ಆಲೂಗಡ್ಡೆಗೆ ಒರಗಿ ಪುಟ್ಟಿಯ ಬಾಯಿಗೆ ಕೈ ಅಡ್ಡ ಹಿಡಿದಿದ್ದೆ. ಮೇಲೆ ಹೊಸಿಲಲ್ಲಿ ಯಾರೋ ನಿಂತಿದ್ದರು. ಹಲಗೆಯ ಸಂದಿನಿಂದ ಮಣ್ಣು ಕಣ್ಣಿಗೆ ಉದುರಿತು. ಮಾತು ಕೇಳಿಸುತ್ತಿರಲಿಲ್ಲ, ಗುಣುಗುಣು ಅಷ್ಟೇ. ದೇವರೇ, ಇವರು ಹೋಗಲಿ, ಬೇಗ ಹೋಗಲಿ ಎಂದು ಪ್ರಾರ್ಥಿಸಿದೆ. ಅಷ್ಟು ಮನಸ್ಸಿಟ್ಟು ಬದುಕಿನಲ್ಲಿ ಎಂದೂ ಪ್ರಾರ್ಥಿಸಿರಲಿಲ್ಲ. ಪ್ರಾರ್ಥನೆ ಫಲಿಸಿತು. ನೀವು ಹೋದಿರಿ.

ಎರಡು ದಿನದ ಮೇಲೆ ನೋವು ಬಂತು. ಕಾಲು ಮೊದಲು ಬಂತು, ಆಮೇಲೆ ಮೈ. ತಲೆ ಬರಲಿಲ್ಲ. ಅಜ್ಜಿಯ ಹೆಸರು ಮಾರೆನ್. ಬರೆದರೆ ಬರೆದೆ, ಸಾಕಾಗಿದೆ ಈ ಅಡಗಾಟ. ಮಾರೆನ್ ಅಳುತ್ತ, ತನ್ನ ಭಾಷೆಯಲ್ಲಿ ದೇವರನ್ನು ಕೂಗುತ್ತ ಎಳೆದಳು. ಅಷ್ಟರಲ್ಲಿ ಸದ್ದು ಕೇಳಿ ಅಕ್ಕಪಕ್ಕದ ಇಬ್ಬರು ಹೆಂಗಸರು ಬಂದಿದ್ದರು. ಕೂಸು ನೀಲಿಯಾಗಿತ್ತು. ಆದರೂ ಉಸಿರಿತ್ತು ಅಕ್ಕ. ಒಂದು ಸಲ ಕಣ್ಣು ಬಿಟ್ಟಿತು, ಮನೆಯವರ ಕಣ್ಣೇ.

ಉಳಿಯುವುದಿಲ್ಲ ಎಂದು ತಿಳಿದು ಅಜ್ಜ ಕೈತೊಳೆದು ಬಂದು ಮಗುವನ್ನು ಎತ್ತಿಕೊಂಡರು. ಹರಸಲು ನಿಂತು ನನ್ನ ಕಡೆ ತಿರುಗಿ ಕೇಳಿದರು: "ಏನು ಹೆಸರು, ತಾಯೀ? ಸ್ವರ್ಗದಲ್ಲೂ ಭೂಮಿಯಲ್ಲೂ ಇವನನ್ನ ಯಾವ ಹೆಸರಿಂದ ಕರೀಬೇಕು?"

ಆ ಇಬ್ಬರು ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಅವರು ಯಾರೋ ನನಗೆ ಗೊತ್ತಿರಲಿಲ್ಲ.

ನಾನು "ಜಾನ್ ಹಿಲ್" ಎಂದೆ.

ಅದೇ ಹೆಸರಿನಿಂದ ಹರಸಿದರು. ಅದೇ ಹೆಸರಿನಿಂದ ಹೂತರು. ನಿಮಗೆ 'ಗಂಡು' ಎಂದಷ್ಟೇ ಬರೆದೆ. ಮುಂದಿನದು ಬರೆಯಲು ಬೆರಳು ಬರಲಿಲ್ಲ.

ಇಂಗ್ಲೆಂಡಿನಲ್ಲಿ ನನ್ನ ಅಮ್ಮ ನಮ್ಮ ಸುವಾರ್ತೆ ಕೇಳದೆಯೇ ಸತ್ತಳು. ಅವಳ ಪರವಾಗಿ ದೇವಾಲಯದ ನೀರಿನಲ್ಲಿ ಮುಳುಗಿ ದೀಕ್ಷೆ ಪಡೆದವರು ನೀವು. ನಾನು ಬಸುರಿ, ನೀವೇ ಇಳಿಯಿರಿ ಎಂದಿದ್ದೆ. ನೀರಿನಲ್ಲಿ ಅವಳ ಹೆಸರು ಕೂಗಿದಾಗ ಅವಳು ಎಲ್ಲಿದ್ದರೂ ಓಗೊಟ್ಟಿರುತ್ತಾಳೆ ಎಂದು ನನಗೆ ಧೈರ್ಯ ಹೇಳಿದಿರಿ. ಅವಳಿಗೆ ಹೆಸರಿತ್ತು ಅಕ್ಕ. ಸತ್ತವರೆಲ್ಲರೂ ಎದ್ದು ಬರುವ ಆ ಬೆಳಿಗ್ಗೆ ನನ್ನ ಮಗ ಯಾರ ಮನೆಯ ಸಾಲಿನಲ್ಲಿ ನಿಲ್ಲುತ್ತಾನೆ? ಹಿಲ್ ಎಂಬವರು ಯಾರೂ ಇಲ್ಲವಲ್ಲ. ಇಲ್ಲದ ಮನೆಗೆ ನನ್ನ ಮಗನನ್ನು ಕಳಿಸಿದೆ.

ಈಗ ಮಾರ್ಶಲ್ ಬಗ್ಗೆ ಭಯವಿಲ್ಲ. ಇದೊಂದೇ ಭಯ. ಪುಟ್ಟಿ ಮಲಗಿದ ಮೇಲೆ ಅವಳ ಕಿವಿಯಲ್ಲಿ ಅವಳ ನಿಜವಾದ ಹೆಸರು ಹೇಳುತ್ತಿರುತ್ತೇನೆ. ಅವಳು ನಿದ್ದೆಯಲ್ಲೂ "ಮರೆತ್ಹೋಯ್ತು" ಎನ್ನುತ್ತಾಳೆ.

ತಂಗಿ


ಕಣಿವೆಯ ಮನೆ
೧೮೮೭ ಮೇ ೪

ಥರ್ಜಾ,

ಮೂರು ತಿಂಗಳು ನಾನು ಬರೆಯಲಿಲ್ಲ. ನೀನು ಏನೇನು ಅಂದುಕೊಂಡೆಯೋ. ಈ ಸಲ ಅಡಗಿಸಲು ಏನೂ ಇರಲಿಲ್ಲ, ಹೇಳಲು ತಿಳಿಯಲಿಲ್ಲ, ಅಷ್ಟೇ.

ಮೊದಲು ಬಿಷಪ್ ಹತ್ತಿರ ಹೋದೆ. ಅವರೂ ಅಡಗಿದ್ದಾರೆ, ಒಬ್ಬರ ಗಿರಣಿಯಲ್ಲಿ, ಮೈಯೆಲ್ಲ ಹಿಟ್ಟು. ಪೀಠದ ಮುಂದೆ ಅನಂತಕಾಲಕ್ಕೂ ಕಟ್ಟಿದ ತಂದೆ ತಾಯಿಗೆ ಹುಟ್ಟಿದ ಮಗು ಅವರದೇ, ಯಾವ ಹೆಸರೂ ಆ ಗಂಟನ್ನು ಬಿಚ್ಚಲಾರದು ಎಂದರು. ಎಂಟು ವರ್ಷದೊಳಗಿನ ಕೂಸಿಗೆ ಪಾಪವಿಲ್ಲ, ದೀಕ್ಷೆಯೂ ಬೇಕಿಲ್ಲ, ಆ ಬೆಳಿಗ್ಗೆ ಮಣ್ಣಿಗೆ ಇಟ್ಟಷ್ಟೇ ಗಾತ್ರದಲ್ಲಿ ತಾಯಿಯ ತೋಳಿಗೆ ಬರುತ್ತದೆ, ಬೆಳೆಸುವುದು ಆಮೇಲೆ ಎಂದರು. ನನ್ನ ಮೂವರನ್ನು ಹೂತಾಗಲೂ ಇದನ್ನೇ ಹೇಳಿದ್ದರು. ನಾನು ನಂಬುತ್ತೇನೆ. ನಂಬಿಕೊಂಡೇ ಹೆದರುತ್ತೇನೆ, ನಿನ್ನ ಹಾಗೆ.

ಅಲ್ಲಿಂದ ಹುಲ್ಲಿನ ಮೆದೆಗೆ ಹೋದೆ. ಹೌದು, ಮನೆಯವರು ಇಷ್ಟು ದಿನ ಇದ್ದದ್ದು ಪಕ್ಕದ ಹೊಲದ ಹುಲ್ಲಿನ ಮೆದೆಯೊಳಗೆ. ನಿನ್ನ ಕಾಗದ ಸುಟ್ಟಿರಲಿಲ್ಲ. ಓದಿ ಹೇಳಿದೆ. ಗೋರಿಯ ಹಲಗೆ ಬದಲಿಸೋಣ, ಆದರೆ ಅದರ ಮೇಲೆ ಅಪ್ಪನ ಹೆಸರು ಬರೆದರೆ ಮಾರ್ಶಲ್‌ಗೆ ಬೇರೆ ಸಾಕ್ಷಿ ಬೇಡ ಎಂದೆ. ಆರು ತಿಂಗಳ ಜೈಲು.

"ಬರೆ," ಎಂದರು.

"ನೀವು ಇನ್ನೊಂದ್ಸಲ ಯೋಚ್ನೆ ಮಾಡಿ."

"ಮಾಡ್ದೆ. ದೊಡ್ಡಕ್ಷರದಲ್ಲಿ ಬರೆ. ಕುದುರೆ ಮೇಲಿಂದ್ಲೇ ಓದೋ ಹಾಗಿರ್ಲಿ."

ದೇವದಾರು ಹಲಗೆಯನ್ನು ಅವರೇ ಹೆರೆದು ನುಣುಪು ಮಾಡಿಕೊಟ್ಟರು. ಅಕ್ಷರ ಕೊರೆದವಳು ನಾನು. ಒಂದೆರಡು ಕಡೆ ಸೊಟ್ಟಗಾಗಿದೆ. ನೀಫೈ ರಾಡ್‌ಬರ್ನ್ ಮತ್ತು ಥರ್ಜಾ ರಾಡ್‌ಬರ್ನ್ ಇವರ ಮಗ ಎಂದಿದೆ.

ಹಿಮ ಕರಗಿ ಬೆಟ್ಟದ ದಾರಿ ತೆರೆದಿದೆ. ಈ ಕಾಗದ ನನಗಿಂತ ಒಂದು ದಿನ ಮುಂಚೆ ಬರಬಹುದು. ನಾಳೆ ನನ್ನದೇ ಟೋಪಿ ಹಾಕಿಕೊಂಡು ನನ್ನದೇ ಗಾಡಿಯಲ್ಲಿ ಹೊರಡುತ್ತೇನೆ, ಹಲಗೆ ಹಿಂದೆ ಕಾಣುವ ಹಾಗೆ ಇರುತ್ತದೆ. ಮೀಸೆಯವನು ಬೇಲಿಯಾಚೆ ಕೂತು ನಾನು ಅಕ್ಷರ ಕೊರೆಯುವುದನ್ನೇ ನೋಡುತ್ತಿದ್ದ.

"ಈ ಸಲ ಯಾರ ಮನೇಲಿ ಕೂಸು, ದೊಡ್ಡಮ್ಮಾ?"

"ನಮ್ಮನೇಲೇ ಕಣಪ್ಪಾ," ಎಂದೆ. "ಬಾ, ನೋಡುವಿಯಂತೆ."

ಅವನು ನಗಲಿಲ್ಲ. ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಕೋರ್ಟಿನಲ್ಲಿ ನಿನ್ನನ್ನು ನಿಲ್ಲಿಸಿ ಕೇಳಿದರೂ ಕೇಳಿಯಾರು. ನನಗೆ ಹೆದರಿಕೆ ಹೋಗಿದೆ ಎಂದುಕೊಳ್ಳಬೇಡ. ಇದನ್ನು ಬರೆಯುವಾಗಲೂ ಕೈ ಅಂದಿನ ಹಾಗೆಯೇ ತಣ್ಣಗಿದೆ.

ಬಾಗಿಲು ಬಡಿದು ಈ ಸಲ ನಿನ್ನ ಹೆಸರನ್ನೇ ಕೇಳುತ್ತೇನೆ. ಯಾರು ಎಂದರೆ ನನ್ನ ಹೆಸರನ್ನೇ ಹೇಳುತ್ತೇನೆ. ನಾಯಿ ಬೊಗಳಿದರೆ ಬೊಗಳಲಿ, ಕೆಳಗಿಳಿಯಬೇಡ. ನೀನೇ ಬಂದು ತೆಗೆ.

ಹಲಗೆಯ ಮೇಲೆ, ನಿಮ್ಮಿಬ್ಬರ ಹೆಸರಿಗಿಂತ ಮೇಲೆ, ಅಗಲವಾಗಿ ಜಾಗ ಬಿಟ್ಟಿದ್ದೇನೆ. ಜಾನ್ ಅಲ್ಲ, ನೀನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಹೆಸರೊಂದು ಇರಬೇಕಲ್ಲ. ಅದನ್ನು ಜೋರಾಗಿ ಹೇಳು. ಉಳಿ ತರುತ್ತಿದ್ದೇನೆ.

ಕೆಟೂರಾ ರಾಡ್‌ಬರ್ನ್